ಅರಮನೆಯದಲ್ಲದ ಫೋನು

ನಮ್ಮ ಮನೆಯ ಪಡಸಾಲೆಯಲ್ಲಿ ಹನ್ನೊಂದು ಟೆಲಿಫೋನುಗಳಿವೆ. ಒಂದಕ್ಕೂ ಹೊರಗಿನ ತಂತಿಯ ಸಂಬಂಧವಿಲ್ಲ. ಮೊದಲ ಸಲ ಬಂದವರು ಗೋಡೆಯ ಹಲಗೆಯ ಮೇಲೆ ಸಾಲಾಗಿ ಕೂತ ಈ ಕರಿಯ ಸಾಮಾನುಗಳನ್ನು ನೋಡಿ ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ, "ಇವು ನಡೀತಾವೇನ್ರಿ ಅಕ್ಕೋರ?" ಎಂದು ಕೇಳುತ್ತಾರೆ. ನಡೆಯುತ್ತವೆ ಎಂದರೆ ನಂಬುವುದಿಲ್ಲ. ನಡೆಯುವುದಿಲ್ಲ ಎಂದರೆ, "ಹಂಗಾದ್ರ ಯಾಕ ಇಟ್ಟೀರಿ?" ಎನ್ನುತ್ತಾರೆ. ನಮ್ಮ ಅತ್ತೆ ಬದುಕಿರುವ ತನಕ ಈ ಪ್ರಶ್ನೆಗೆ ತಾವೇ ಉತ್ತರ ಕೊಡುತ್ತಿದ್ದರು: "ನಮ್ಮ ಸೊಸಿ ಸತ್ತ ಫೋನುಗಳಿಗಿ ಮಠಾ ಕಟ್ಯಾಳ."

ನಾನು ಹುಟ್ಟಿದ್ದು ಯಾದಗಿರಿಯಲ್ಲಿ, ಬಾಳುವೆ ಮಾಡುವುದು ಸುರಪುರದಲ್ಲಿ, ಕಲಿಸುವುದು ಶಹಾಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ. ಸಮಾಜ ವಿಜ್ಞಾನ ನನ್ನ ವಿಷಯ. ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳಿಗೆ ಇಸವಿಗಳನ್ನು ಬಾಯಿಪಾಠ ಮಾಡಿಸುತ್ತ ಬಂದವಳು. ಹಳೆಯ ಫೋನು ಕೊಂಡು, ತೊಳೆದು, ರಿಪೇರಿ ಮಾಡಿ ಬೇಕಾದವರಿಗೆ ಮಾರುವುದು ನನ್ನ ಎರಡನೆಯ ಕಸುಬು. ಈ ಕಸುಬಿನಲ್ಲಿ ನಾನು ಒಂದು ಸಲ ತಪ್ಪು ಮಾಡಿದೆ, ಅದೂ ಇತಿಹಾಸದ ತಪ್ಪು. ಅದನ್ನು ಹೇಳುವ ಮೊದಲು ಫೋನಿನ ಹುಚ್ಚು ನನಗೆ ಹತ್ತಿದ್ದು ಹೇಗೆ ಎಂಬುದನ್ನು ಹೇಳಬೇಕು.

ನಮ್ಮ ಅಪ್ಪ ಟೆಲಿಫೋನು ಇಲಾಖೆಯಲ್ಲಿ ಲೈನ್‌ಮನ್. ಅವರ ಸೈಕಲ್ಲಿನ ಹ್ಯಾಂಡಲಿಗೆ ಯಾವಾಗಲೂ ಒಂದು ಸುತ್ತು ತಂತಿ, ಹಿಂದೆ ಕ್ಯಾರಿಯರಿಗೆ ಇಕ್ಕಳ, ಹಗ್ಗ, ಒಂದೆರಡು ಬಿಳಿಯ ಪಿಂಗಾಣಿ ಕಪ್ಪು. ಮಿರಗದ ಮಳೆಗೆ ಮುಂಚಿನ ಗಾಳಿಗೆ ಕಂಬ ಬಿತ್ತೆಂದರೆ ಭೀಮಾ ಸೇತುವೆ ದಾಟಿ ಎಷ್ಟೋ ದೂರ ಹೋಗಿ, ರಾತ್ರಿ ಕಾಲಿಗೆ ಕರಿಮಣ್ಣು ಮೆತ್ತಿಸಿಕೊಂಡು ಬರುತ್ತಿದ್ದರು. ಊರಲ್ಲಿ ಆಗ ಫೋನಿದ್ದ ಮನೆಗಳನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಅಡತಿ ಅಂಗಡಿಗಳು, ಅರಳಿ ಜಿನ್ನುಗಳು, ಪೊಲೀಸ್ ಠಾಣೆ, ದವಾಖಾನೆ, ಇಬ್ಬರು ವಕೀಲರು. ಉಳಿದವರೆಲ್ಲ 'ಪಿ.ಪಿ.' ನಂಬರಿನವರು. ಅಂದರೆ ಪಕ್ಕದ ಮನೆಯ ಫೋನು, ನಮ್ಮ ಹೆಸರು. ಮದುವೆಯ ಕಾರ್ಡಿನಲ್ಲೂ 'ಪಿ.ಪಿ.' ಎಂದು ಅಚ್ಚು ಹಾಕಿಸುವುದು ಆಗ ಮರ್ಯಾದೆಯ ವಿಷಯ.

ಸಣ್ಣ ಊರಿನ ಫೋನಿಗೆ ಡಯಲು ಇರಲಿಲ್ಲ. ಪಕ್ಕದಲ್ಲಿ ಒಂದು ಹಿಡಿಕೆ. ಅದನ್ನು ಗರಗರ ತಿರುಗಿಸಿದರೆ ಪೆಟ್ಟಿಗೆಯೊಳಗಿನ ಪುಟ್ಟ ಯಂತ್ರ ವಿದ್ಯುತ್ತು ಹುಟ್ಟಿಸಿ ಎಕ್ಸ್‌ಚೇಂಜಿಗೆ ಕಳಿಸುತ್ತಿತ್ತು. ಅಲ್ಲಿ ಆಪರೇಟರನ ಎದುರಿನ ಹಲಗೆಯಲ್ಲಿ ನಮ್ಮ ನಂಬರಿನ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ಅವನು ಒಂದು ದಾರ ತೆಗೆದು ಅದರ ತುದಿಯನ್ನು ಬೇಕಾದ ತೂತಿಗೆ ಚುಚ್ಚಿದಾಗ ಮಾತು. ಪರಊರಿಗಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಆರ್ಡಿನರಿ, ಅರ್ಜಂಟ್, ಲೈಟ್ನಿಂಗ್ ಎಂದು ಮೂರು ದರ್ಜೆ. ಅರ್ಜಂಟಿಗೆ ದುಪ್ಪಟ್ಟು ಹಣ, ಲೈಟ್ನಿಂಗಿಗೆ ಎಂಟು ಪಟ್ಟು. ಲೈಟ್ನಿಂಗ್ ಕಾಲ್ ಬಂತೆಂದರೆ ಯಾರೋ ಹೋಗಿಬಿಟ್ಟರು ಎಂದೇ ಅರ್ಥ. ನಮ್ಮ ಓಣಿಯ ಹೆಣ್ಣುಮಕ್ಕಳು ಫೋನಿನ ಗಂಟೆ ಕೇಳಿದೊಡನೆ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದುದು ನನಗೆ ಇನ್ನೂ ನೆನಪಿದೆ.

ಡಯಲಿನ ಗುಟ್ಟನ್ನು ಅಪ್ಪ ನನಗೆ ಏಳನೆಯ ಇಯತ್ತೆಯಲ್ಲಿ ಹೇಳಿಕೊಟ್ಟರು. ಬೆರಳು ಹಾಕಿ ತಿರುಗಿಸುವಾಗ ಏನೂ ಆಗುವುದಿಲ್ಲ. ಬಿಟ್ಟ ಮೇಲೆ ಚಕ್ರ ತನ್ನ ಜಾಗಕ್ಕೆ ಮರಳುವಾಗ ವಿದ್ಯುತ್ತು ಕಡಿದು ಕಡಿದು ಕೂಡುತ್ತದೆ. 1 ಎಂದರೆ ಒಂದು ಸಲ, 5 ಎಂದರೆ ಐದು ಸಲ. ಸೆಕೆಂಡಿಗೆ ಹತ್ತು ಮಿಡಿತ. ಸೊನ್ನೆಗೆ ಎಷ್ಟು ಎಂದು ಕೇಳಿದರು. ಒಂದೂ ಇಲ್ಲ ಎಂದೆ. ಅಪ್ಪ ನಕ್ಕರು. "ಹತ್ತು. ಸಾಲ್ಯಾಗ ಸೊನ್ನಿ ಅಂದ್ರ ಏನೂ ಇಲ್ಲ ಅಂತಾರ. ಫೋನಿನ್ಯಾಗ ಅದೇ ಎಲ್ಲಾದಕ್ಕಿಂತ ದೊಡ್ಡದು."

ಅಮೆರಿಕದಲ್ಲಿ ಗ್ರಹಾಂ ಬೆಲ್ ಟೆಲಿಫೋನಿನ ಪೇಟೆಂಟು ಪಡೆದದ್ದು 1876ರ ಮಾರ್ಚಿಯಲ್ಲಿ. ಆರೇ ವರ್ಷಕ್ಕೆ, 1882ರ ಜನವರಿ 28ರಂದು ಕಲಕತ್ತೆಯಲ್ಲಿ ಎಕ್ಸ್‌ಚೇಂಜು ತೆರೆಯಿತು. ಮುಂಬಯಿಗೂ ಮದರಾಸಿಗೂ ಅದೇ ವರ್ಷ ಬಂತು. ಆಪರೇಟರಿಲ್ಲದೆ ತಾನೇ ಕೂಡಿಸುವ ಯಂತ್ರಕ್ಕೆ 1891ರಲ್ಲಿ ಪೇಟೆಂಟು ಪಡೆದ ಸ್ಟ್ರೌಜರ್ ಎಂಬಾತನ ಕಸುಬು ಕೇಳಿದರೆ ನಿಮಗೆ ನಗು ಬಂದೀತು. ಆತ ಹೆಣಗಳ ಅಂತ್ಯಸಂಸ್ಕಾರಕ್ಕೆ ಏರ್ಪಾಡು ಮಾಡುವವ. ತನ್ನ ಗಿರಾಕಿಗಳ ಕರೆಯನ್ನು ಆಪರೇಟರಳು ಎದುರಾಳಿಯ ಅಂಗಡಿಗೆ ತಿರುಗಿಸುತ್ತಾಳೆ ಎಂಬ ಸಿಟ್ಟಿನಿಂದ ಆ ಯಂತ್ರ ಕಂಡುಹಿಡಿದನೆಂದು ಕತೆ. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಇಡೀ ನಾಡಿನಲ್ಲಿದ್ದ ಫೋನುಗಳು ಸುಮಾರು 80 ಸಾವಿರ. ಇನ್ನು ವಿಲಾಯತಿ ಫೋನನ್ನೇ ನೆಚ್ಚಿಕೊಳ್ಳುವುದು ಬೇಡವೆಂದು 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಹುಟ್ಟಿತು. ಅದರ ಸುತ್ತ ಬೆಳೆದ ಊರಿಗೆ ದೂರವಾಣಿನಗರ ಎಂದೇ ಹೆಸರಾಯಿತು. ನಮ್ಮ ಭಾಗ ಆಗಿನ್ನೂ ನಿಜಾಮರ ಹೈದರಾಬಾದ್ ಸಂಸ್ಥಾನ. ವಿಮೋಚನೆಯಾದದ್ದು ಅದೇ 1948ರ ಸೆಪ್ಟೆಂಬರಿನಲ್ಲಿ, ಕನ್ನಡ ನಾಡಿಗೆ ಸೇರಿದ್ದು 1956ರ ನವೆಂಬರಿನಲ್ಲಿ. ಮುಂದೆ ನಮ್ಮ ಅಡತಿ ಅಂಗಡಿಗಳ ಗಾದಿಯ ಪಕ್ಕ ಕೂತ ಕರಿಯ ಫೋನುಗಳ ತಳದಲ್ಲಿ ಐ.ಟಿ.ಐ. ಎಂಬ ಮೂರಕ್ಷರ ಇರುತ್ತಿತ್ತು. ಈ ಮೂರಕ್ಷರವನ್ನು ಓದುಗರು ನೆನಪಿನಲ್ಲಿಡಬೇಕು. ನನ್ನ ಮಾನ ತೆಗೆದದ್ದೂ ಕಾಯ್ದದ್ದೂ ಅದೇ.

ಆ ಮೇಲಿನದು ನೀವು ಕಂಡದ್ದೇ. ನೇರ ಡಯಲು ಮಾಡಿ ಪರಊರಿಗೆ ಮಾತಾಡುವ ಎಸ್.ಟಿ.ಡಿ. 1960ರಲ್ಲಿ ಕಾನಪುರ ಮತ್ತು ಲಖನೌ ನಡುವೆ ಮೊದಲಾಯಿತು. 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿ, ಹಳ್ಳಿಯ ಬಿಸಿಲು ಧೂಳು ತಾಳುವ, ಏರ್‌ಕಂಡೀಶನ್ ಬೇಡದ 128 ಲೈನಿನ ಪುಟ್ಟ ಎಕ್ಸ್‌ಚೇಂಜು ತಯಾರಿಸಿತು. ಅದನ್ನು ಮೊದಲು ಕೂಡಿಸಿದ್ದು 1986ರಲ್ಲಿ, ನಮ್ಮದೇ ಕಿತ್ತೂರಿನಲ್ಲಿ. ಊರೂರಿಗೆ ಹಳದಿ ಹಲಗೆಯ ಎಸ್.ಟಿ.ಡಿ. ಬೂತುಗಳು ಬಂದವು. 1995ರಲ್ಲಿ ಮೊಬೈಲು ಬಂತು. ಅದು ನಮ್ಮ ಬಯಲುಸೀಮೆಗೆ ಮುಟ್ಟಲು ಇನ್ನಷ್ಟು ವರ್ಷ ಹಿಡಿದರೂ, ಬಂದ ಮೇಲೆ ಬಿರುಗಾಳಿಯಂತೆ ಬಂತು. ಅಪ್ಪ 2003ರಲ್ಲಿ ತೀರಿಕೊಂಡರು. ಸುದ್ದಿ ನನಗೆ ಬಂದದ್ದು ಪಕ್ಕದ ಮನೆಯ ಫೋನಿಗೆ. ಲೈನ್‌ಮನ್‌ನ ಮಗಳ ಮನೆಯಲ್ಲಿ ಆಗಲೂ ಫೋನಿರಲಿಲ್ಲ.

2009ರ ಕೊನೆಗೆ ಯಾದಗಿರಿ ಜಿಲ್ಲೆಯಾಯಿತು. ಅದರ ಮರುವರ್ಷದ ಬೇಸಿಗೆ ಇರಬೇಕು. ಶಹಾಪುರದ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಗುಜರಿ ಅಂಗಡಿಯ ಚಾಚಾ ನೆಲದ ಮೇಲೆ ಕೂತು ಸುತ್ತಿಗೆಯಿಂದ ಏನನ್ನೋ ಒಡೆಯುತ್ತಿದ್ದರು. ನೋಡಿದರೆ ಫೋನು. ಪಕ್ಕದಲ್ಲಿ ಇನ್ನೂ ಹತ್ತಿಪ್ಪತ್ತು, ಚೀಲದಲ್ಲಿ ತುಂಬಿದ್ದವು. ಎಲ್ಲೋ ಹರಾಜಿನಲ್ಲಿ ತೂಕದ ಲೆಕ್ಕದ ಮೇಲೆ ಬಂದ ಮಾಲು.

"ಚಾಚಾ, ಯಾಕ ಒಡೀಲಾಕತ್ತೀರಿ?" ಎಂದೆ.

"ಒಳಗ ತಾಂಬ್ರ ಅದ ಅಕ್ಕೋರ. ಗಂಟಿ ಹಿತ್ತಾಳಿದು. ಮ್ಯಾಲಿನ ಈ ಕರೇದು ಐತಲ್ಲ, ಇದು ಯಾತಕ್ಕೂ ಬರಂಗಿಲ್ಲ. ಕಾಸಿದ್ರ ಕರಗಂಗಿಲ್ಲ."

ಅವರು ಹೇಳಿದ್ದು ಸರಿಯಾಗಿತ್ತು. ಆ ಕರಿಯ ಮೈ ಬೇಕಲೈಟಿನದು. ಬೇಕ್‌ಲಂಡ್ ಎಂಬ ರಸಾಯನಶಾಸ್ತ್ರಜ್ಞ 1907ರಲ್ಲಿ ಕಂಡುಹಿಡಿದ ವಸ್ತು. ಒಮ್ಮೆ ಅಚ್ಚಿನಲ್ಲಿ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಪ್ಲಾಸ್ಟಿಕ್ ಬಕೀಟಿನಂತೆ ಅದನ್ನು ಕರಗಿಸಿ ಇನ್ನೊಂದು ಸಾಮಾನು ಮಾಡಲಾಗದು. ಹಾಗಾಗಿ ಗುಜರಿಯವರಿಗೆ ಅದು ಶೇಂಗಾದ ಸಿಪ್ಪೆಯಿದ್ದ ಹಾಗೆ. ಒಡೆಯುವುದು, ಕಾಳು ತೆಗೆಯುವುದು, ಸಿಪ್ಪೆ ಚೆಲ್ಲುವುದು. ದಿಬ್ಬದ ಹಾಗೆ ಬಿದ್ದ ಕರಿಯ ಚೂರುಗಳ ನಡುವೆ ಒಂದು ಡಯಲು ಬಿಸಿಲಿಗೆ ಹೊಳೆಯುತ್ತಿತ್ತು. ನನಗೆ ಅಪ್ಪನ ಬೆರಳು ಕಂಡಂತಾಯಿತು. ಅರವತ್ತು ರೂಪಾಯಿ ಕೊಟ್ಟು ಒಂದು ಫೋನನ್ನು ಎತ್ತಿಕೊಂಡು ಬಸ್ಸು ಹತ್ತಿದೆ. ಎರಡು ಮೂರು ಕಿಲೋ ತೂಕ. ತೊಡೆಯ ಮೇಲೆ ಇಟ್ಟುಕೊಂಡರೆ ಎಳೆಗೂಸಿನಷ್ಟು ಭಾರ.

ರಿಪೇರಿ ನನಗೆ ಅರ್ಧ ಅಪ್ಪನಿಂದ ಬಂದದ್ದು, ಅರ್ಧ ಕೆಡಿಸಿ ಕಲಿತದ್ದು. ಮಾತು ಸಣ್ಣಗಾಗಿದ್ದರೆ ಮಾತಾಡುವ ಕಡೆಯ ಗುಂಡಿಯೊಳಗಿನ ಇದ್ದಲಿನ ಕಾಳು ಗಡ್ಡೆ ಕಟ್ಟಿರುತ್ತದೆ. ಅಂಗೈಗೆ ಮೆಲ್ಲಗೆ ತಟ್ಟಿದರೆ ಸಡಿಲಾಗುತ್ತದೆ. ಕೇಳುವ ಕಡೆ ಜೀವವಿದೆಯೋ ಇಲ್ಲವೋ ನೋಡಲು ಎರಡು ಟಾರ್ಚಿನ ಸೆಲ್ಲು ಸಾಕು. ತಂತಿ ಮುಟ್ಟಿಸಿದಾಗ ಕಿವಿಯಲ್ಲಿ 'ಟಿಕ್' ಎಂದರೆ ಬದುಕಿದೆ. ಡಯಲು ಮರಳುವಾಗ ನಿಧಾನವಾದರೆ ಒಳಗೆ ಧೂಳು. ಅದಕ್ಕೆ ಅಡಿಗೆ ಎಣ್ಣೆ ಬಿಡಬಾರದು, ಗೋಂದಿನಂತಾಗಿ ಹಿಡಿಯುತ್ತದೆ. ಮೈಯನ್ನು ಸೌಮ್ಯ ಸೋಪಿನ ನೀರಿನಲ್ಲಿ ಅದ್ದಿದ ಅರಿವೆಯಿಂದ ಒರೆಸಿ, ನೆರಳಿನಲ್ಲಿ ಆರಿಸಬೇಕು. ಬಟ್ಟೆ ನೇಯ್ದ ಕಂದು ಬಣ್ಣದ ಹಳೆಯ ದಾರವಿದ್ದರೆ ಎಷ್ಟು ಹರಿದಿದ್ದರೂ ಬದಲಿಸಬಾರದು. ಕೊಳ್ಳುವವರು ಮೊದಲು ಹಿಡಿದು ನೋಡುವುದೇ ಅದನ್ನು.

ಕೊಳ್ಳುವವರು ಯಾರು ಎಂದು ಕೇಳುತ್ತೀರಿ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ನಾಟಕದವರು, ಸಿನಿಮಾಕ್ಕೆ ಸಾಮಾನು ಒದಗಿಸುವವರು, ಹೋಟೆಲಿನವರು, ಅಜ್ಜನ ನೆನಪಿಗೆ ಒಂದು ಬೇಕು ಎನ್ನುವ ಬೆಂಗಳೂರಿನ ಎಂಜಿನಿಯರು ಹುಡುಗರು. ಹೈದರಾಬಾದಿನ ಜುಮೇರಾತ್ ಬಜಾರಿಗೂ ಎರಡು ಮೂರು ಸಲ ಹೋಗಿ ಬಂದೆ. ಅಲ್ಲಿ ಒಂದು ಪಾಠ ಕಲಿತೆ. ಹಿತ್ತಾಳೆಯ ಕಂಬದ ಮೇಲೆ ಹೂವಿನಂತೆ ಅರಳಿದ 'ಬ್ರಿಟಿಷರ ಕಾಲದ' ಫೋನುಗಳಲ್ಲಿ ಎಷ್ಟೋ ನಿನ್ನೆ ಮೊನ್ನೆ ಮಾಡಿದವು. ತಿರುಗಿಸಿ ನೋಡಿದರೆ ಡಯಲಿನ ತೂತುಗಳಲ್ಲಿ ಒತ್ತುವ ಗುಂಡಿಗಳಿರುತ್ತವೆ. ಹಳೆಯದರ ಗುರುತು ಮುಖದ ಮೇಲಲ್ಲ, ತಳದಲ್ಲಿ. ಕಾರ್ಖಾನೆಯ ಹೆಸರು, ತಳದ ತಗಡು, ಡಯಲಿನ ಬೆನ್ನಿನ ಮುದ್ರೆ, ಕೆಲವಕ್ಕೆ ಇಸವಿ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯ ಲೆಕ್ಕದಲ್ಲಿ ನೂರು ವರ್ಷ ತುಂಬಿದ ಮೇಲೆ ಒಂದು ವಸ್ತು ಪುರಾತನ. ನನ್ನ ಕೈಗೆ ಬಂದ ಫೋನುಗಳಿಗೆ ಆ ವಯಸ್ಸು ಇನ್ನೂ ದೂರವಿತ್ತು. ಅವಕ್ಕೆ ಯಾವ ಕಾಯ್ದೆಯ ಆಸರೆಯೂ ಇಲ್ಲ, ಸುತ್ತಿಗೆ ಒಂದೇ ಇದೆ.

ಈಗ ಆ ತಪ್ಪಿನ ವಿಷಯ.

ಸುರಪುರದ ಹಳೆಯ ಅಡತಿ ಅಂಗಡಿಯೊಂದು ಮುಚ್ಚಿದಾಗ ಅಲ್ಲಿಯ ಫೋನು ನನಗೆ ಸಿಕ್ಕಿತು. ಇಂಥ ಮೈ ನಾನು ಅದುವರೆಗೆ ಕಂಡಿರಲಿಲ್ಲ, ಒಂದು ಗೀರೂ ಇಲ್ಲ. ಗಾದಿಯ ಮೇಲೆ ಕೂತು ಮುಂಬಯಿಯ ಅರಳಿಯ ಧಾರಣಿ ಕೇಳುತ್ತಿದ್ದ ಯಜಮಾನರು ಅದರ ಮೇಲೆ ಸದಾ ಒಂದು ಬಿಳಿಯ ಕೈವಸ್ತ್ರ ಹೊದಿಸುತ್ತಿದ್ದರಂತೆ. ಅದೇ ಹೊತ್ತಿಗೆ ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಫೀಸು ಕಟ್ಟುವ ಕಡೆಯ ದಿನಕ್ಕೆ ಎಂಟು ದಿನ ಉಳಿದಿತ್ತು. ಆಗ ದೂರದ ಊರಿನ ಒಬ್ಬರು ಬಂದರು. ತಮ್ಮ ಹೋಟೆಲಿನ ಹಜಾರಕ್ಕೆ ಹಳೆಯ ಸಾಮಾನು ಹುಡುಕುತ್ತಿದ್ದವರು. ಫೋನನ್ನು ಕಂಡೊಡನೆ ಅವರ ಕಣ್ಣು ಅರಳಿದವು.

"ಸುರಪುರ ಅಂದ್ರೆ ಆ 1857ರ ರಾಜರ ಊರಲ್ವಾ ಮೇಡಂ? ಇದು ಅರಮನೆಯದಾ?"

ನಾನು ಮೂರು ಸಾವಿರ ಹೇಳಬೇಕೆಂದು ಮನಸ್ಸಿನಲ್ಲಿ ಎಣಿಸಿದ್ದೆ. ಅಲ್ಲ ಎನ್ನಬೇಕಿತ್ತು. ಒಂದೇ ಶಬ್ದ. ಅದರ ಬದಲು, "ಸುರಪುರದ್ದೇರಿ" ಎಂದೆ. ಸುಳ್ಳಲ್ಲ, ಆದರೆ ಉತ್ತರವೂ ಅಲ್ಲ. ಅವರು ಹನ್ನೆರಡು ಸಾವಿರ ಎಣಿಸಿ ಕೊಟ್ಟು ಹೋದರು. ಮಗಳ ಫೀಸು ಮುಟ್ಟಿತು. ಆ ರಾತ್ರಿ ನನಗೆ ನಿದ್ದೆ ಬಂತು, ಅದನ್ನೂ ಹೇಳಿಬಿಡುತ್ತೇನೆ.

ನಿದ್ದೆ ಕೆಟ್ಟದ್ದು ನಾಲ್ಕು ತಿಂಗಳ ಮೇಲೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪತ್ರಿಕೆಯ ಪುರವಣಿಯಿಂದ ಕತ್ತರಿಸಿದ ಚಿತ್ರವನ್ನು ತಂದು, ಶಾಲೆಯ ಭಿತ್ತಿಪತ್ರಿಕೆಗೆ ಅಂಟಿಸಿದ್ದಳು. ಹೋಟೆಲಿನ ಹಜಾರ, ಗಾಜಿನ ಪೆಟ್ಟಿಗೆ, ಒಳಗೆ ನನ್ನ ಫೋನು. ಕೆಳಗೆ 'ಸುರಪುರದ ರಾಜಾ ವೆಂಕಟಪ್ಪ ನಾಯಕರ ಅರಮನೆಯ ದೂರವಾಣಿ' ಎಂಬ ಬರಹ. ಹುಡುಗಿಯ ಮುಖ ಹಿಗ್ಗಿನಿಂದ ತುಂಬಿತ್ತು. "ನಮ್ಮ ಊರಿನ ರಾಜಂದು ನೋಡ್ರಿ ಟೀಚರ್!"

ಇಲ್ಲಿ ಇಸವಿಗಳನ್ನು ಜೋಡಿಸಿ ನೋಡಿ. ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದುನಿಂತು ಸೋತದ್ದು 1858ರಲ್ಲಿ. ಅವರನ್ನು ಬಾಲಕನಾಗಿದ್ದಾಗ ನೋಡಿಕೊಂಡಿದ್ದ, ಅವರು ಪ್ರೀತಿಯಿಂದ 'ಅಪ್ಪಾ' ಎನ್ನುತ್ತಿದ್ದ ಮೆಡೋಸ್ ಟೇಲರನು ಆ ಕತೆಯನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಗಲ್ಲು ತಪ್ಪಿ ಸೆರೆವಾಸದ ಶಿಕ್ಷೆಯಾಗಿ, ಚೆಂಗಲ್‌ಪೇಟೆಗೆ ಸಾಗಿಸುವ ದಾರಿಯಲ್ಲಿ ಅದೇ ವರ್ಷ ಗುಂಡಿಗೆ ಆ ತರುಣ ರಾಜನ ಪ್ರಾಣ ಹೋಯಿತು. 1860ರಲ್ಲಿ ಸಂಸ್ಥಾನ ನಿಜಾಮರಿಗೆ ಹೋಯಿತು. ಬೆಲ್ಲನಿಗೆ ಪೇಟೆಂಟು ಸಿಕ್ಕಿದ್ದು 1876ರಲ್ಲಿ. ಟೇಲರನು ತೀರಿಕೊಂಡದ್ದೂ ಅದೇ ವರ್ಷ. ರಾಜನೂ ಟೆಲಿಫೋನನ್ನು ಕಾಣಲಿಲ್ಲ, ರಾಜನ ಕತೆ ಬರೆದವನೂ ಅದನ್ನು ಬಳಸಲಿಲ್ಲ. ಅದೂ ಹೋಗಲಿ, ಆ ಫೋನಿನ ತಳದಲ್ಲಿ ಐ.ಟಿ.ಐ. ಎಂದು ಕೊರೆದಿತ್ತು. 1948ಕ್ಕೆ ಮುಂಚೆ ಆ ಕಾರ್ಖಾನೆಯೇ ಇಲ್ಲ. ತೊಂಬತ್ತು ವರ್ಷಗಳ ಅಂತರವನ್ನು ನಾನು ಒಂದು ಮೌನದಿಂದ ಮುಚ್ಚಿಬಿಟ್ಟಿದ್ದೆ. ಆ ರಾಜನ ಸಾವನ್ನು ನೆನೆದು ಪ್ರತಿ ವರ್ಷ ತರಗತಿಯಲ್ಲಿ ಗಂಟಲು ಕಟ್ಟಿಸಿಕೊಳ್ಳುವವಳು ನಾನೇ.

ಆ ಚಿತ್ರವನ್ನು ಮೆಲ್ಲಗೆ ಕಿತ್ತುಹಾಕಬಹುದಿತ್ತು. ಹುಡುಗಿಯ ಮುಖ ನೋಡಿ ಆಗಲಿಲ್ಲ. ಮರುದಿನ ಹಲಗೆಯ ಮೇಲೆ ಮೂರು ಇಸವಿ ಬರೆದೆ: 1858, 1876, 1948. ಈ ಚಿತ್ರದಲ್ಲಿ ಏನು ತಪ್ಪಿದೆ, ಹೇಳಿರಿ ಎಂದೆ. ಐದು ನಿಮಿಷ ಗದ್ದಲ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ರಾಜ ಸತ್ತಾಗ ಫೋನೇ ಹುಟ್ಟಿದ್ದಿಲ್ರಿ!" ಎಂದ. ಎಲ್ಲರೂ ನಕ್ಕರು. "ಹಂಗಾದ್ರ ಈ ಸುಳ್ಳು ಯಾರು ಹೇಳಿದ್ರಿ?" ಎಂದು ಆ ಹುಡುಗಿ ಕೇಳಿದಳು. ನಾನು ಎಂದೆ. ಮಾರಿದ್ದು, ಹಣ ತೆಗೆದುಕೊಂಡದ್ದು, ಫೀಸು ಕಟ್ಟಿದ್ದು ಎಲ್ಲ ಹೇಳಿದೆ. ನಗು ನಿಂತಿತು. ಮಕ್ಕಳು ನನ್ನನ್ನು ನೋಡಲಿಲ್ಲ, ತಮ್ಮ ವಹಿಗಳನ್ನು ನೋಡಿದರು. ಇಪ್ಪತ್ತೆಂಟು ವರ್ಷದಲ್ಲಿ ನನ್ನ ತರಗತಿ ಅಷ್ಟು ಸುಮ್ಮನಿದ್ದದ್ದು ಅದೊಂದೇ ದಿನ.

ಹೋಟೆಲಿನವರಿಗೆ ಕಾಗದ ಬರೆದೆ. ಫೋನು ಅಡತಿ ಅಂಗಡಿಯದು, ಬೆಂಗಳೂರಿನಲ್ಲಿ ತಯಾರಾದದ್ದು, ಬೇಡವಾದರೆ ಪೂರಾ ಹಣ ಕೊಟ್ಟು ವಾಪಸು ತಗೊಳ್ಳುತ್ತೇನೆ, ಇಟ್ಟುಕೊಳ್ಳುವುದಾದರೆ ಬೆಲೆ ಮೂರೇ ಸಾವಿರ ಎಂದು ತಿಳಿಸಿದೆ. ಒಂಬತ್ತು ಸಾವಿರ ಹಿಂತಿರುಗಿಸಲು ನನ್ನ ಬಳಿ ಹಣವಿರಲಿಲ್ಲ. ಮೂರು ತಿಂಗಳು ಸಂಬಳದಲ್ಲಿ ಉಳಿಸಿ ಡಿ.ಡಿ. ಕಳಿಸಿದೆ. ಮಗಳಿಗೆ ಗೊತ್ತಾದಾಗ ಅವಳು ಅತ್ತಳು. ಯಜಮಾನರು, "ಹೋಗ್ಲಿ ಬಿಡು, ಇನ್ನ ಮ್ಯಾಲ ತಳ ತೋರಿಸಿ ಮಾರು" ಎಂದರು. ಕೆಲ ದಿನಗಳ ಮೇಲೆ ಆ ಹೋಟೆಲಿನವರ ಫೋನು ಬಂತು. ಸಿಟ್ಟಿರಲಿಲ್ಲ. "ಚೀಟಿ ತೆಗೆಸಿದ್ದೇನೆ ಮೇಡಂ. ಆದರೆ ಈಗ ಅದರ ಹತ್ತಿರ ಯಾರೂ ನಿಲ್ಲುವುದಿಲ್ಲ" ಎಂದರು. ಆ ಮಾತು ನನ್ನನ್ನು ಬಹಳ ದಿನ ಕೊರೆಯಿತು.

ಜನ ಯಾಕೆ ನಿಲ್ಲುವುದಿಲ್ಲ? ರಾಜನದಾದರೆ ಮಾತ್ರ ಇತಿಹಾಸವೇ? ಆ ಗಾದಿಯ ಮೇಲೆ ಕೂತು ಎಷ್ಟು ಜನ ರೈತರು ತಮ್ಮ ಹತ್ತಿಯ ಧಾರಣಿ ಏರಿತೋ ಇಳಿಯಿತೋ ಎಂದು ಯಜಮಾನರ ಮುಖ ನೋಡುತ್ತ ನಿಂತಿದ್ದಾರು? ಆ ಫೋನಿನಿಂದ ಎಷ್ಟು ಮನೆಗೆ ಸಾವಿನ ಸುದ್ದಿ, ಎಷ್ಟು ಮನೆಗೆ ಗಂಡು ಹುಟ್ಟಿದ, ಹೆಣ್ಣು ಹುಟ್ಟಿದ ಸುದ್ದಿ ಹೋಗಿದ್ದೀತು? ಅಂದಿನಿಂದ ನಾನು ಮಾರುವ ಒಂದೊಂದು ಫೋನಿನ ಜೊತೆ ಒಂದು ಚೀಟಿ ಬರೆದು ಇಡುತ್ತೇನೆ. ಎಲ್ಲಿ ಸಿಕ್ಕಿತು, ತಳದಲ್ಲಿ ಏನು ಬರೆದಿದೆ, ಯಾವ ಭಾಗ ಹಳೆಯದು, ಯಾವುದು ನಾನು ಹಾಕಿದ್ದು, ಅದನ್ನು ಬಳಸಿದವರು ನೆನಪಿನಿಂದ ಏನು ಹೇಳಿದರು. ಒಂದರ ಚೀಟಿಯಲ್ಲಿ ಹೀಗಿದೆ: 'ಯಾದಗಿರಿಯ ಜಿನ್ನಿನ ಫೋನು. ಗಂಟೆಯ ಒಂದು ಬಟ್ಟಲು ಸೀಳಿದೆ. ಮಷಿನ್ನಿನ ಸಪ್ಪಳದಲ್ಲಿ ಕೇಳಿಸಲೆಂದು ಗುಮಾಸ್ತರು ಇದನ್ನು ಹಿತ್ತಾಳೆಯ ಕೊಳಗದ ಮೇಲೆ ಇಡುತ್ತಿದ್ದರು.' ಅದು ಬಹಳ ಬೇಗ ಮಾರಾಟವಾಯಿತು. ಕೊಂಡವರು ಕೊಳಗವೂ ಸಿಗುತ್ತದೆಯೇ ಎಂದು ಕೇಳಿದರು.

ಈಗ ಮಾಲು ಕಡಿಮೆ. ಟೆಲಿಗ್ರಾಮು 2013ರ ಜುಲೈಯಲ್ಲಿ ನಿಂತಿತು. ತಾಮ್ರದ ತಂತಿಯ ಜಾಗಕ್ಕೆ ಫೈಬರ್ ಬರುತ್ತಿದೆ. ಅದರ ಪೆಟ್ಟಿಗೆಗಳಲ್ಲಿ ಎಷ್ಟೋ ಪೆಟ್ಟಿಗೆಗೆ ಡಯಲಿನ ಮಿಡಿತ ತಿಳಿಯುವುದಿಲ್ಲ. ಕರೆ ಬಂದರೆ ಹಳೆಯ ಫೋನು ಬಾರಿಸೀತು, ಮಾತೂ ಆದೀತು, ಆದರೆ ಅದು ತಾನಾಗಿ ಯಾರನ್ನೂ ಕರೆಯಲಾರದು. ನಡುವೆ ಅರ್ಥ ಹೇಳುವ ಒಂದು ಸಣ್ಣ ಯಂತ್ರ ಬೇಕು. ಮುಪ್ಪಿನವರ ಪಾಡೂ ಹೆಚ್ಚುಕಡಿಮೆ ಹಾಗೇ.

ಶಹಾಪುರದ ಚಾಚಾ ಈಗ ಅಂಗಡಿಯನ್ನು ಮಗನಿಗೆ ಬಿಟ್ಟಿದ್ದಾರೆ. ಆದರೂ ಚೀಲದಲ್ಲಿ ಕರಿಯದೇನಾದರೂ ಕಂಡರೆ ಸುತ್ತಿಗೆ ಎತ್ತುವ ಮೊದಲು ನನ್ನ ಮೊಬೈಲಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ. ಕಳೆದ ವಾರವೂ ಕೊಟ್ಟರು. ತಿರುಗಿ ಮಾಡಿದೆ.

"ಅಕ್ಕೋರ, ಒಂದು ಬಂದದ. ಡಯಲಿಲ್ಲ, ಬಾಜೂಕ ಹಿಡಿಕಿ ಅದ ನೋಡ್ರಿ."

"ತಳ ಹೊಳ್ಳಿಸಿ ಏನ್ ಬರ್ದದ ಓದ್ರಿ ಚಾಚಾ."

"ಅಂಗ್ರೇಜಿ ನನಗೆಲ್ಲಿ ಬರ್ತದ ಅಕ್ಕೋರ? ನೀವೇ ಬರ್ರಿ. ಒಡಿಯಂಗಿಲ್ಲ, ತೆಗೆದಿಡ್ತೀನಿ."

ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನದ ಬಸ್ಸಿಗೆ ಮುಂಚೆ ಹೋಗಿ ನೋಡಬೇಕು.